ಹಿಮನಾಡಿನ ಹಿರಿಯರ ಹಲ್ಲಿನ ಕಥೆ

ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹಲ್ಲಿನ ಹೊರಕವಚ. ಮಾಂಸ ಮಣ್ಣಾಗಿ, ಎಲುಬು ಪುಡಿಯಾದ ಮೇಲೂ ಹಲ್ಲು ಸಾವಿರಾರು ವರ್ಷ ಉಳಿಯುತ್ತದೆ. ಪ್ರಾಚೀನ ಮಾನವನ ಜಾಡು ಹಿಡಿದು ಹೊರಟವರಿಗೆ ಹಲ್ಲು ಒಂದು ಶಾಸನವಿದ್ದಂತೆ. ಆತ ಏನು ತಿಂದ, ಎಂಥ ಕೆಲಸ ಮಾಡಿದ, ಎಷ್ಟು ಕಾಲ ಬದುಕಿದ ಎಂಬುದನ್ನೆಲ್ಲ ಅದು ಹೇಳುತ್ತದೆ. ಸತ್ತವರ ಹಲ್ಲು ಮಾತ್ರವಲ್ಲ, ಬದುಕಿರುವವರ ಹಲ್ಲೂ ಚರಿತ್ರೆಯನ್ನು ಹೇಳಬಲ್ಲದು. ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರ ಹಿರಿಯರೇ ಇದಕ್ಕೆ ಸಾಕ್ಷಿ.

ನೂರು ವರ್ಷಗಳ ಹಿಂದೆ ಇವರ ಬಾಯಿ ನೋಡಿದ ವೈದ್ಯರು, ಜಗತ್ತಿನಲ್ಲಿ ಇಷ್ಟು ಗಟ್ಟಿಮುಟ್ಟಾದ ಹಲ್ಲು ಬೇರೆಲ್ಲೂ ಇಲ್ಲವೆಂದು ಬೆರಗಾಗಿದ್ದರು. ಅದೇ ಜನರಲ್ಲಿ ಇಂದು ಹುಳುಕು ಹಲ್ಲು ಮನೆಮನೆಯ ಮಾತಾಗಿದೆ. ಹಲ್ಲು ಕಳೆದುಕೊಂಡ ಅಜ್ಜ ಅಜ್ಜಿಯರು ವೈದ್ಯನಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿದೆ. ಎರಡೇ ತಲೆಮಾರಿನಲ್ಲಿ ಇಂಥ ಬದಲಾವಣೆ ಹೇಗಾಯಿತು? ಉತ್ತರ ಬರೀ ಸಕ್ಕರೆಯಲ್ಲಿಲ್ಲ. ಅದರಲ್ಲಿ ವ್ಯಾಪಾರವಿದೆ, ಸರ್ಕಾರವಿದೆ, ಒಂದು ಹಡಗಿದೆ. ಮುರಿದುಬಿದ್ದ ನಂಬಿಕೆಯೂ ಇದೆ.

ಇನುಯಿಟ್ ಎಂದರೆ ಅವರ ಭಾಷೆಯಲ್ಲಿ ‘ಜನರು’ ಎಂದೇ ಅರ್ಥ, ಒಬ್ಬನಾದರೆ ಇನುಕ್. ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲ ಇದ್ದ ‘ಎಸ್ಕಿಮೊ’ ಎಂಬುದು ಹೊರಗಿನವರು ಇಟ್ಟ ಹೆಸರು. 1977ರಲ್ಲಿ ಅಲಾಸ್ಕದ ಬ್ಯಾರೊ ಎಂಬಲ್ಲಿ ಬೇರೆ ಬೇರೆ ದೇಶಗಳ ಇನುಯಿಟ್ ಪ್ರತಿನಿಧಿಗಳು ಸೇರಿದಾಗ ತಮ್ಮನ್ನು ಇನುಯಿಟ್ ಎಂದೇ ಕರೆಯಬೇಕೆಂದು ತೀರ್ಮಾನಿಸಿದರು. ಗ್ರೀನ್‌ಲೆಂಡ್, ಕೆನಡ, ಅಲಾಸ್ಕ ಮತ್ತು ರಷ್ಯದ ಪೂರ್ವದ ತುದಿಯಲ್ಲಿ ಇವರು ಹರಡಿಕೊಂಡಿದ್ದಾರೆ. 2021ರ ಜನಗಣತಿಯಂತೆ ಕೆನಡದಲ್ಲಿ ಇವರ ಸಂಖ್ಯೆ ಸುಮಾರು 70 ಸಾವಿರ. 1999ರ ಏಪ್ರಿಲ್ 1ರಂದು ಕೆನಡದಲ್ಲಿ ರೂಪುಗೊಂಡ ನುನಾವುಟ್ ಪ್ರಾಂತ್ಯದಲ್ಲಿ ಇವರದೇ ಬಹುಮತ. ವಿಸ್ತಾರದಲ್ಲಿ ಅದು ಭಾರತದ ಸುಮಾರು ಮೂರನೇ ಎರಡರಷ್ಟಿದೆ. ಜನಸಂಖ್ಯೆ ಮಾತ್ರ ಅದೇ ಜನಗಣತಿಯಂತೆ 37 ಸಾವಿರದ ಆಸುಪಾಸು. ಅಲ್ಲಿರುವ 25 ಊರುಗಳ ಪೈಕಿ ಒಂದಕ್ಕೂ ಇನ್ನೊಂದಕ್ಕೂ ರಸ್ತೆಯಿಲ್ಲ. ಹೋಗುವುದಾದರೆ ವಿಮಾನದಲ್ಲಿ, ಬೇಸಿಗೆಯಲ್ಲಿ ದೋಣಿಯಲ್ಲಿ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಬಂಡಿಯಲ್ಲಿ. ಮುಂದಿನ ಕಥೆ ಅರ್ಥವಾಗಲು ಈ ಸಂಗತಿ ನೆನಪಿನಲ್ಲಿರಬೇಕು.

ಮೂರನೆಯ ಕೈ

ಮರ ಬೆಳೆಯದ, ಬಿತ್ತನೆಯೇ ಇಲ್ಲದ ನಾಡಿನಲ್ಲಿ ಇನುಯಿಟ್ ಜನ ಬೇಟೆಯಿಂದಲೇ ಬದುಕಿದರು. ಸೀಲ್, ವಾಲ್ರಸ್, ತಿಮಿಂಗಿಲ, ಕ್ಯಾರಿಬೂ ಎಂಬ ಹಿಮಸಾರಂಗ, ಚಾರ್ ಮೀನು ಇವೇ ಅವರ ಅನ್ನ. ಮಾಂಸವನ್ನು ಬೇಯಿಸಿ ತಿನ್ನುವುದುಂಟು, ಗಾಳಿಗೆ ಒಣಗಿಸಿ ತಿನ್ನುವುದುಂಟು, ಹೆಪ್ಪುಗಟ್ಟಿದ್ದನ್ನು ಹಸಿಯಾಗಿಯೇ ತಿನ್ನುವುದೂ ಉಂಟು. ಹಣ್ಣು ತರಕಾರಿ ಕಾಣದ ಈ ಜನಕ್ಕೆ ಸ್ಕರ್ವಿ ರೋಗ ಏಕೆ ಬರಲಿಲ್ಲ ಎಂಬುದು ಒಂದು ಕಾಲಕ್ಕೆ ಒಗಟಾಗಿತ್ತು. ತಿಮಿಂಗಿಲದ ಚರ್ಮ ಮತ್ತು ಅದರಡಿಯ ಕೊಬ್ಬು ಸೇರಿದ ‘ಮಕ್ತಾಕ್’ ಎಂಬ ತಿನಿಸಿನಲ್ಲಿ, ಸೀಲ್‌ನ ಹಸಿ ಪಿತ್ತಕೋಶದ ಪಕ್ಕದಲ್ಲಿರುವ ಯಕೃತ್ತಿನಲ್ಲಿ ಸಿ ಜೀವಸತ್ವವಿದೆ. ಒಗಟಿನ ಉತ್ತರ ಅದು.

ಇಂಥ ಊಟಕ್ಕೆ ಹಲ್ಲು ಗಟ್ಟಿ ಇರಲೇಬೇಕು. ಆದರೆ ಹಲ್ಲಿನ ಕೆಲಸ ಊಟದ ಜೊತೆಗೇ ಮುಗಿಯುತ್ತಿರಲಿಲ್ಲ. ಅಲ್ಲಿ ಹಲ್ಲು ಎಂದರೆ ಮೂರನೆಯ ಕೈ. ಗಂಡಸರು ಎಲುಬಿಗೆ, ದಂತಕ್ಕೆ ತೂತು ಕೊರೆಯಲು ಬಿಲ್ಲಿನಂಥ ಬೈರಿಗೆ ಬಳಸುತ್ತಿದ್ದರು. ಒಂದು ಕೈಯಲ್ಲಿ ಬಿಲ್ಲು ಎಳೆಯಬೇಕು, ಇನ್ನೊಂದರಲ್ಲಿ ಕೊರೆಯುವ ವಸ್ತುವನ್ನು ಹಿಡಿಯಬೇಕು. ಬೈರಿಗೆಯ ತಲೆಯನ್ನು ಒತ್ತಿ ಹಿಡಿಯಲು ಹಲ್ಲೇ ಗತಿ. ಹೆಂಗಸರ ಪಾಲಿನ ಕೆಲಸ ಇನ್ನೂ ಕಠಿಣ. ಸೀಲ್ ಚರ್ಮದ ‘ಕಮಿಕ್’ ಪಾದರಕ್ಷೆಯ ಅಟ್ಟೆ ಬಲು ಗಡುಸು. ಅದನ್ನು ಹಲ್ಲಿನಲ್ಲಿ ಅಗಿದು ಅಗಿದು ಮೆದುಗೊಳಿಸಿ, ಬೆರಳು ಹಿಮ್ಮಡಿಗಳ ಬಳಿ ನೆರಿಗೆ ಹಿಡಿಯಬೇಕು. ಬೇಟೆಯಿಂದ ಬಂದವನ ಒದ್ದೆ ಪಾದರಕ್ಷೆ ರಾತ್ರಿ ಒಣಗಿ ಮರದಂತಾಗುತ್ತಿತ್ತು. ಬೆಳಿಗ್ಗೆ ಮತ್ತೆ ಅಗಿದು ಹದ ಮಾಡಬೇಕು. ಪಾದರಕ್ಷೆ ಹದವಾಗದಿದ್ದರೆ ಕಾಲು ಹಿಮಕ್ಕೆ ಸೆಟೆಯುತ್ತದೆ, ಕಾಲು ಹೋದರೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಮನೆಮಂದಿಗೆ ಊಟವಿಲ್ಲ. ಹೆಂಗಸಿನ ಹಲ್ಲಿನ ಮೇಲೆ ಇಡೀ ಸಂಸಾರ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಹೀಗೆ ದುಡಿದ ಹಲ್ಲು ಸವೆಯದೆ ಇರುತ್ತದೆಯೇ? ಹಳೆಯ ತಲೆಬುರುಡೆಗಳಲ್ಲಿ, ವಯಸ್ಸಾದವರ ಹಲ್ಲು ಒಸಡಿನ ಮಟ್ಟಕ್ಕೆ ತೇದುಹೋಗಿರುವುದು ಕಾಣುತ್ತದೆ. ಮೇಲಿನ ಪದರ ಸವೆದಂತೆ ಒಳಗೆ ಹೊಸ ಪದರ ಬೆಳೆದು ನರವನ್ನು ಕಾಯುತ್ತದೆ. ಸವೆತದ ವೇಗ ಹೆಚ್ಚಿದರೆ ನರ ಬಯಲಾಗಿ ಬೇರಿನಲ್ಲಿ ಕೀವು ತುಂಬುತ್ತದೆ. ಆದ್ದರಿಂದ ಹಿಂದಿನ ಕಾಲದಲ್ಲಿ ಹಲ್ಲುನೋವೇ ಇರಲಿಲ್ಲ ಎಂದು ತಿಳಿಯಬಾರದು. ಇರಲಿಲ್ಲವಾದದ್ದು ಹುಳುಕು.

ವೈದ್ಯರ ಬೆರಗು

ಹುಳುಕು ಹಲ್ಲಿನ ಕಾರಣ ಈಗ ಎಲ್ಲರಿಗೂ ಗೊತ್ತು. ಬಾಯಲ್ಲಿರುವ ಬ್ಯಾಕ್ಟೀರಿಯಗಳು ಸಕ್ಕರೆ ಮತ್ತು ಪಿಷ್ಟವನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಕವಚವನ್ನು ಕರಗಿಸುತ್ತದೆ. ಮಾಂಸ ಮತ್ತು ಕೊಬ್ಬಿನಲ್ಲಿ ಅವಕ್ಕೆ ಬೇಕಾದ ಮೇವು ಇಲ್ಲ. ಹಾಗಾಗಿ ಹಲ್ಲುಜ್ಜುವ ಕಡ್ಡಿಯನ್ನೂ ಕಾಣದ ಇನುಯಿಟ್ ಬಾಯಿಯಲ್ಲಿ ಹುಳುಕು ಅಪರೂಪವಾಗಿತ್ತು.

ಕೊಲಂಬಿಯ ವಿಶ್ವವಿದ್ಯಾಲಯದ ದಂತವೈದ್ಯ ಲ್ಯೂಮನ್ ವಾ 1920ರ ದಶಕದಲ್ಲಿ ಲ್ಯಾಬ್ರಡಾರ್ ಕರಾವಳಿಗೂ ಮುಂದೆ ಅಲಾಸ್ಕಕ್ಕೂ ಹೋಗಿ ಇವರ ಹಲ್ಲು ಪರೀಕ್ಷಿಸಿದರು. ಡೆನ್ಮಾರ್ಕಿನ ಪೆಡರ್ಸನ್ 1930ರ ದಶಕದಲ್ಲಿ ಗ್ರೀನ್‌ಲೆಂಡಿನಲ್ಲಿ ಅದೇ ಕೆಲಸ ಮಾಡಿದರು. ಇಬ್ಬರಿಗೂ ಕಂಡ ಚಿತ್ರ ಒಂದೇ: ವ್ಯಾಪಾರದ ಮಳಿಗೆಯಿಂದ ದೂರವಿದ್ದ ಹಟ್ಟಿಗಳಲ್ಲಿ ಹಲ್ಲು ಸೊಗಸು, ಮಳಿಗೆಯ ಸಮೀಪದಲ್ಲಿ ಹುಳುಕು. ಹಿಟ್ಟು ಸಕ್ಕರೆಗಳ ದಾರಿ ಯಾವುದೋ, ರೋಗದ ದಾರಿಯೂ ಅದೇ ಆಗಿತ್ತು.

ಇನುಯಿಟ್ ಜನರ ನಡುವೆ ವರ್ಷಗಟ್ಟಲೆ ಬಾಳಿದ್ದ ಅನ್ವೇಷಕ ವಿಲ್ಯಾಲ್ಮರ್ ಸ್ಟೆಫಾನ್ಸನ್, ಬರೀ ಮಾಂಸ ತಿಂದು ಆರೋಗ್ಯವಾಗಿರಬಹುದು ಎಂದಾಗ ಪಂಡಿತರು ನಂಬಲಿಲ್ಲ. 1928ರಲ್ಲಿ ಅವರೂ ಅವರ ಸಂಗಡಿಗ ಕಾರ್ಸ್ಟನ್ ಆಂಡರ್ಸನ್ನರೂ ನ್ಯೂಯಾರ್ಕಿನ ಬೆಲೆವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಈ ಪ್ರಯೋಗಕ್ಕೆ ಒಡ್ಡಿಕೊಂಡು, ಒಂದು ವರ್ಷ ಮಾಂಸಾಹಾರದ ಮೇಲೇ ಇದ್ದು ತೋರಿಸಿದರು.

ಈ ಬೆರಗಿನಲ್ಲಿ ಒಂದು ಅಪಾಯವೂ ಇತ್ತು. ಹಲ್ಲು ಚೆನ್ನಾಗಿದೆ ಎಂದಮಾತ್ರಕ್ಕೆ ಬದುಕು ಸುಖವಾಗಿತ್ತು ಎಂದಲ್ಲ. ಬೇಟೆ ಕೈಕೊಟ್ಟ ವರ್ಷ ಹಸಿವಿನಿಂದ ಹಟ್ಟಿಗಳೇ ಬರಿದಾಗುತ್ತಿದ್ದವು. ಹೊರಗಿನವರು ತಂದ ದಡಾರ, ಇನ್‌ಫ್ಲುಯೆಂಜ, ಕ್ಷಯಗಳು ಅನೇಕರನ್ನು ಬಲಿ ತೆಗೆದುಕೊಂಡವು. ಮುಪ್ಪು ಕಾಣುವುದೇ ಒಂದು ಭಾಗ್ಯವಾಗಿತ್ತು. ಹಿಮ, ಗಾಳಿ, ಪ್ರಾಣಿಗಳ ನಡೆಯನ್ನು ಅರಿತು ಅಷ್ಟು ಕಾಲ ಬಾಳಿದ ಹಿರಿಯರಿಗೆ ಅದಕ್ಕೇ ಅಲ್ಲಿ ಅಷ್ಟು ಗೌರವ. ಪುಸ್ತಕವಿಲ್ಲದ ಸಮಾಜದಲ್ಲಿ ಅವರೇ ಗ್ರಂಥಾಲಯ.

ಹಿಟ್ಟು, ಸಕ್ಕರೆ, ಚಹಾ

1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇನುಯಿಟ್ ನಾಡಿನೊಳಗೆ ಕಾಲಿಟ್ಟಿತು. 1911ರಲ್ಲಿ ಬ್ಯಾಫಿನ್ ದ್ವೀಪದ ದಕ್ಷಿಣ ತೀರದ ಲೇಕ್ ಹಾರ್ಬರ್‌ನಲ್ಲಿ ಅದರ ಮಳಿಗೆ ತೆರೆಯಿತು. ಯೂರೋಪಿನ ಸಿರಿವಂತರಿಗೆ ಬಿಳಿ ನರಿಯ ತುಪ್ಪಳ ಬೇಕಿತ್ತು. ಇನುಯಿಟ್ ಜನ ನರಿ ಹಿಡಿದು ಕೊಟ್ಟರು. ಬದಲಿಗೆ ಬಂದೂಕು, ಮದ್ದುಗುಂಡು, ಹಿಟ್ಟು, ಸಕ್ಕರೆ, ಚಹಾ, ತಂಬಾಕು ಪಡೆದರು. ಹಿಟ್ಟಿನಿಂದ ಮಾಡಿದ ‘ಬ್ಯಾನಕ್’ ರೊಟ್ಟಿ, ಸಿಹಿ ಚಹಾ ಮನೆಯ ಊಟವಾದವು.

ಆದರೂ ಬೇಟೆ ನಡೆಯುತ್ತಿದ್ದಷ್ಟು ಕಾಲ ಹಳೆಯ ಊಟವೇ ಮುಖ್ಯವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ನರಿ ತುಪ್ಪಳದ ಬೆಲೆ ಕುಸಿದಾಗ ಬದುಕಿನ ಬುಡವೇ ಅಲುಗಿತು. ಇತ್ತ ಕೆನಡ ಸರ್ಕಾರ ಶಾಲೆ, ಚಿಕಿತ್ಸಾಲಯ, ಪಡಿತನ ಇರುವ ಸ್ಥಿರ ಊರುಗಳಿಗೆ ಬನ್ನಿರೆಂದು ಜನರನ್ನು ಒತ್ತಾಯಿಸತೊಡಗಿತು. 1950 ಮತ್ತು 60ರ ದಶಕಗಳಲ್ಲಿ ಅಲೆಮಾರಿ ಹಟ್ಟಿಗಳು ಒಂದೊಂದಾಗಿ ಕಳಚಿದವು. ಬೇಟೆಯ ನೆಲೆ ದೂರವಾಯಿತು, ಅಂಗಡಿ ಹತ್ತಿರವಾಯಿತು.

ಜರ್ಮನಿಯಿಂದ ಬಂದು ಕೆನಡದ ಉತ್ತರದಲ್ಲಿ ದಶಕಗಳ ಕಾಲ ದುಡಿದ ವೈದ್ಯ ಆಟೊ ಶೇಫರ್ ಈ ಪಲ್ಲಟವನ್ನು ಕಣ್ಣಾರೆ ಕಂಡು ದಾಖಲಿಸಿದರು. 1960ರ ದಶಕದ ಕೆಲವೇ ವರ್ಷಗಳಲ್ಲಿ ಸಕ್ಕರೆಯ ಬಳಕೆ ಹಲವು ಪಟ್ಟು ಏರಿತೆಂದೂ, ಅದರ ಬೆನ್ನಿಗೇ ಹುಳುಕು ಹಲ್ಲು, ಬೊಜ್ಜು, ಪಿತ್ತಕೋಶದ ಕಾಯಿಲೆಗಳು ಬಂದವೆಂದೂ ಅವರು ಎಚ್ಚರಿಸಿದರು. 1969ರಿಂದ ಇಗ್ಲೂಲಿಕ್ ಮತ್ತು ಹಾಲ್ ಬೀಚ್ ಎಂಬ ಊರುಗಳಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜಾನ್ ಮೇಹಾಲ್ ಹಲ್ಲುಗಳನ್ನು ಪರೀಕ್ಷಿಸಿದಾಗಲೂ, ನಾಲ್ಕೈದು ವರ್ಷಗಳ ಅಂತರದಲ್ಲೇ ಹುಳುಕು ಏರಿದ್ದು ಕಂಡುಬಂತು. ಇಂದಿನ ಹಿರಿಯರು ಆಗ ಮಕ್ಕಳು, ಹರೆಯದವರು. ಹಟ್ಟಿಯಲ್ಲಿ ಹುಟ್ಟಿ ಊರಿನಲ್ಲಿ ಬೆಳೆದ ತಲೆಮಾರು ಅದು. ಹಾಲುಹಲ್ಲು ಮಾಂಸ ಕಂಡಿತ್ತು, ಬಂದ ಹೊಸ ಹಲ್ಲಿಗೆ ಸಕ್ಕರೆ ಕಾದಿತ್ತು.

ಎಕ್ಸ್‌ರೇ ಹೊತ್ತ ಹಡಗು

ಇದೇ ಹೊತ್ತಿಗೆ ಹಲ್ಲಿಗಿಂತ ದೊಡ್ಡ ಪಿಡುಗು ಎದೆಯಲ್ಲಿ ಕೂತಿತ್ತು. ಇನುಯಿಟ್ ಜನರ ಆಡಳಿತದ ಹೊಣೆ ಯಾರದು ಎಂಬ ಜಗಳ 1939ರಲ್ಲಿ ಕೆನಡದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿ, ಅದು ಕೇಂದ್ರ ಸರ್ಕಾರದ್ದೇ ಎಂದು ತೀರ್ಪಾಗಿತ್ತು. ಅಲ್ಲಿಯವರೆಗೆ ವೈದ್ಯಕೀಯವೆಂದರೆ ಮಿಷನರಿಗಳ ಒಂದೆರಡು ಪುಟ್ಟ ಆಸ್ಪತ್ರೆ, ವರ್ಷಕ್ಕೊಮ್ಮೆ ಬರುವ ಹಡಗಿನ ವೈದ್ಯ. ಸರಕು ಸಾಗಿಸುತ್ತಿದ್ದ ‘ನಾಸ್ಕೋಪಿ’ ಹಡಗು 1947ರಲ್ಲಿ ಮುಳುಗಿತು. 1950ರಿಂದ ‘ಸಿ.ಡಿ. ಹೋ’ ಎಂಬ ಸರ್ಕಾರಿ ಹಡಗು ಪೂರ್ವ ಆರ್ಕ್ಟಿಕ್‌ನ ಊರುಗಳಿಗೆ ಪ್ರತಿ ಬೇಸಿಗೆ ಬರತೊಡಗಿತು. ಅದರಲ್ಲಿ ವೈದ್ಯರಿದ್ದರು, ದಂತವೈದ್ಯರಿದ್ದರು, ಎಕ್ಸ್‌ರೇ ಯಂತ್ರವಿತ್ತು.

ಜನರನ್ನು ಹಡಗಿಗೆ ಹತ್ತಿಸಿ ಎದೆಯ ಚಿತ್ರ ತೆಗೆಯುತ್ತಿದ್ದರು. ಕ್ಷಯದ ಕಲೆ ಕಂಡರೆ ಮುಗಿಯಿತು. ಅವರಲ್ಲಿ ಅನೇಕರಿಗೆ ದಡಕ್ಕೆ ಹೋಗಿ ಮನೆಯವರಿಗೆ ಒಂದು ಮಾತು ಹೇಳಿ ಬರಲೂ ಬಿಡುತ್ತಿರಲಿಲ್ಲ. ಹಾಗೆಯೇ ದಕ್ಷಿಣದ ನಗರಗಳ ಕ್ಷಯ ಆಸ್ಪತ್ರೆಗಳಿಗೆ ಸಾಗಿಸುತ್ತಿದ್ದರು. ಎಳೆಮಗುವನ್ನು ಬಿಟ್ಟ ತಾಯಿ, ಬೇಟೆಗಾರನಿಲ್ಲದ ಸಂಸಾರ, ಭಾಷೆ ಬಾರದ ಊರಿನಲ್ಲಿ ಹಾಸಿಗೆ ಹಿಡಿದ ಮಗು: ಇಂಥ ಕಥೆ ಇಲ್ಲದ ಮನೆಯೇ ವಿರಳ. 1956ರ ವೇಳೆಗೆ ಕೆನಡದ ಇನುಯಿಟ್ ಜನರಲ್ಲಿ ಏಳರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಗಳಲ್ಲಿದ್ದರು. ಒಂಟೇರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ನಗರದ ಮೌಂಟನ್ ಸ್ಯಾನಟೋರಿಯಂ ಒಂದರಲ್ಲೇ 1958ರಿಂದ 1962ರವರೆಗೆ 1,272 ಮಂದಿ ಚಿಕಿತ್ಸೆ ಪಡೆದರು. ಎರಡು ಮೂರು ವರ್ಷ ಅಲ್ಲೇ ಇರಬೇಕಾಗುತ್ತಿತ್ತು.

ಚಿಕಿತ್ಸೆಯಿಂದ ಸಾವಿರಾರು ಜೀವ ಉಳಿಯಿತು ಎಂಬುದು ಸತ್ಯ. ಸ್ಟ್ರೆಪ್ಟೊಮೈಸಿನ್, ಐಸೊನಯಾಜಿಡ್ ಔಷಧಗಳು ಬಂದ ಕಾಲ ಅದು. ಆದರೆ ಸತ್ತವರನ್ನು ಎಲ್ಲಿ ಹೂಳಲಾಯಿತೆಂಬ ಸುದ್ದಿ ಎಷ್ಟೋ ಕುಟುಂಬಗಳಿಗೆ ತಲುಪಲೇ ಇಲ್ಲ. ಸರ್ಕಾರ ಇನುಯಿಟ್ ಹೆಸರುಗಳನ್ನು ಬರೆದುಕೊಳ್ಳಲಾರದೆ 1940ರ ದಶಕದಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯ ಬಿಲ್ಲೆ ಕೊಟ್ಟಿತ್ತು. ಕಾಗದಪತ್ರಗಳಲ್ಲಿ ಮನುಷ್ಯರು ಕಳೆದುಹೋಗಲು ಅಷ್ಟು ಸಾಕಾಗಿತ್ತು. 2019ರ ಮಾರ್ಚ್ 8ರಂದು ಕೆನಡದ ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ನುನಾವುಟ್‌ನ ರಾಜಧಾನಿ ಇಕಾಲುಇಟ್‌ಗೆ ಹೋಗಿ ಇದಕ್ಕಾಗಿ ಕ್ಷಮೆ ಕೇಳಿದರು. ‘ಅವರನ್ನು ಹುಡುಕೋಣ’ ಎಂಬರ್ಥದ ‘ನನಿಲಾವುಟ್’ ಯೋಜನೆಯಡಿ ಈಗ ಕುಟುಂಬಗಳು ತಮ್ಮವರ ಸಮಾಧಿಗಳನ್ನು ಪತ್ತೆ ಮಾಡುತ್ತಿವೆ.

ಹಲ್ಲಿನ ಕಥೆಯಲ್ಲಿ ಈ ಹಡಗಿಗೇನು ಕೆಲಸ ಎಂದು ಕೇಳಬಹುದು. ಇನುಯಿಟ್ ಭಾಷೆಯಲ್ಲಿ ಆಸ್ಪತ್ರೆಗೆ ‘ಆನಿಯಾವಿಕ್’ ಎನ್ನುತ್ತಾರೆ. ನೋವಿನ, ಕಾಯಿಲೆಯ ಜಾಗ ಎಂದರ್ಥ. ಪರೀಕ್ಷೆಗೆಂದು ಹೋದವರು ಮರಳದೆ ಇದ್ದುದನ್ನು ಬಾಲ್ಯದಲ್ಲಿ ಕಂಡವರಿಗೆ ಆ ಹೆಸರು ಎಷ್ಟು ಭಾರವಾಗಿ ಕೇಳಿಸೀತು! ‘ಬಾಯಿ ತೆರೆಯಿರಿ, ಒಂದು ಚಿತ್ರ ತೆಗೆಯೋಣ’ ಎಂದು ಪರಭಾಷೆಯ ವೈದ್ಯ ಹೇಳಿದಾಗ ಅಜ್ಜಿಯೊಬ್ಬಳು ಹಿಂಜರಿದರೆ ಅದು ಮೌಢ್ಯವಲ್ಲ, ನೆನಪು.

ತುಂಬುವುದಕ್ಕಿಂತ ಕೀಳುವುದೇ ಸುಲಭ

ಹುಳುಕು ಬಂದಷ್ಟು ಬೇಗ ದಂತವೈದ್ಯರು ಬರಲಿಲ್ಲ. ಮೊದಮೊದಲು ಹಲ್ಲು ನೋವೆಂದರೆ ಪೊಲೀಸರೋ ಪಾದ್ರಿಗಳೋ ದಾದಿಯರೋ ಇಕ್ಕಳ ಹಿಡಿಯುತ್ತಿದ್ದರು. ಆಮೇಲೆ ದಕ್ಷಿಣದಿಂದ ದಂತವೈದ್ಯರು ವಿಮಾನದಲ್ಲಿ ಬಂದು ಕೆಲವು ದಿನ ಇದ್ದು ಹೋಗುವ ಪದ್ಧತಿ ಬೆಳೆಯಿತು. ಇಂದಿಗೂ ಬಹುಪಾಲು ಊರುಗಳಲ್ಲಿ ಇದೇ ಏರ್ಪಾಡು. ವೈದ್ಯ ಬಂದ ದಿನ ಬಾಗಿಲಲ್ಲಿ ನೋವಿನವರ ಸಾಲು. ಹುಳುಕು ತೆಗೆದು ತುಂಬಲು, ಬೇರಿನ ಚಿಕಿತ್ಸೆ ಮಾಡಲು ಸಮಯ ಬೇಕು, ಮತ್ತೆ ಮತ್ತೆ ನೋಡಬೇಕು. ಕೀಳುವುದಾದರೆ ಹತ್ತು ನಿಮಿಷ. ಹೀಗಾಗಿ ಉಳಿಸಬಹುದಾಗಿದ್ದ ಹಲ್ಲೂ ಇಕ್ಕಳಕ್ಕೆ ಬಲಿಯಾಯಿತು.

2008-09ರಲ್ಲಿ ಕೆನಡದ ಇನುಯಿಟ್ ಊರುಗಳಲ್ಲಿ ನಡೆದ ಹಲ್ಲಿನ ಆರೋಗ್ಯ ಸಮೀಕ್ಷೆಯಲ್ಲಿ, ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಶೇ. 85ರಷ್ಟು ಮಂದಿಗೆ ಆಗಲೇ ಹುಳುಕು ತಟ್ಟಿತ್ತು. ವಯಸ್ಕರಲ್ಲಂತೂ ತಟ್ಟದವರು ಇಲ್ಲವೆನ್ನುವಷ್ಟು ವಿರಳ. ಕೆನಡ ಸರ್ಕಾರ ಇನುಯಿಟ್ ಜನರ ಹಲ್ಲಿನ ಚಿಕಿತ್ಸೆಯ ಖರ್ಚನ್ನು ಬಹುಮಟ್ಟಿಗೆ ತಾನೇ ಭರಿಸುತ್ತದೆ. ಆದರೆ ಕೊರತೆ ಇರುವುದು ಹಣದ್ದಲ್ಲ, ಕೈಯದ್ದು.

ಹಲ್ಲಿನ ಸೆಟ್ಟು ಮಾಡಿಸುವ ಕೆಲಸವನ್ನೇ ನೋಡಿ. ಮೊದಲು ಒಸಡಿನ ಅಚ್ಚು ತೆಗೆಯಬೇಕು, ಆಮೇಲೆ ದವಡೆಗಳ ಕಡಿತ ಅಳೆಯಬೇಕು, ಮೇಣದಲ್ಲಿ ಕೂರಿಸಿ ನೋಡಬೇಕು, ಕೊನೆಗೆ ತೊಡಿಸಿ, ಒತ್ತುವ ಕಡೆ ತೇಯಬೇಕು. ನಗರದಲ್ಲಿ ಇದು ಕೆಲವು ವಾರದ ಮಾತು. ವೈದ್ಯ ವರ್ಷದಲ್ಲಿ ಕೆಲವೇ ಬಾರಿ ಬರುವ ಊರಿನಲ್ಲಿ ತಿಂಗಳುಗಳೇ ಹಿಡಿಯುತ್ತವೆ. ನಡುವೆ ಹಿಮಬಿರುಗಾಳಿಗೆ ವಿಮಾನ ನಿಂತರೆ ಅಥವಾ ಹಿರಿಯರು ಬೇಟೆಗೆ ಹೋಗಿದ್ದರೆ ಮತ್ತೆ ಮೊದಲಿನಿಂದ. ಇನ್ನೊಂದು ತೊಡಕೂ ಇದೆ. ಇನುಯಿಟ್ ಜನರಲ್ಲಿ ಕೆಳದವಡೆಯ ಒಳಬದಿಗೆ ಎಲುಬಿನ ಗಂಟುಗಳಿರುವುದು ಬಹು ಸಾಮಾನ್ಯ. ಅದರ ಮೇಲಿನ ತೆಳು ಒಸಡಿಗೆ ಸೆಟ್ಟು ಉಜ್ಜಿ ಹುಣ್ಣಾಗುತ್ತದೆ. ಕಷ್ಟಪಟ್ಟು ಮಾಡಿಸಿದ ಹಲ್ಲು ಕೊನೆಗೆ ಡಬ್ಬಿಯಲ್ಲೇ ಉಳಿಯುತ್ತದೆ.

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ನಮ್ಮ ಗಾದೆಯನ್ನು ಇಲ್ಲಿ ನಗುತ್ತಾ ಹೇಳುವಂತಿಲ್ಲ. ಹಲ್ಲಿಲ್ಲದ ಹಿರಿಯರು ಹೆಪ್ಪುಗಟ್ಟಿದ ಮಾಂಸವನ್ನೂ ಒಣಮಾಂಸವನ್ನೂ ಅಗಿಯಲಾರರು. ಮನೆಯವರು ‘ಉಲು’ ಎಂಬ ಅರ್ಧಚಂದ್ರದ ಚೂರಿಯಲ್ಲಿ ಮಕ್ತಾಕ್‌ಗೆ ಸಣ್ಣ ಸಣ್ಣ ಗೆರೆ ಕೊಯ್ದು ಕೊಟ್ಟರೆ ಸರಿ. ಇಲ್ಲವಾದರೆ ಅಂಗಡಿಯ ಮೆತ್ತನೆಯ ಬ್ರೆಡ್ಡು, ನೂಡಲ್ಸು, ಸಿಹಿ ಚಹಾಗಳೇ ಗತಿ. ಹಲ್ಲು ಕೆಡಿಸಿದ ಆಹಾರಕ್ಕೇ ಹಲ್ಲು ಹೋದ ಮೇಲೆ ಶರಣಾಗಬೇಕು. ಅದರ ಹಿಂದೆಯೇ ಸಕ್ಕರೆ ಕಾಯಿಲೆ. ಅಷ್ಟೇ ಅಲ್ಲ, ಬೇಟೆಯ ಮಾಂಸವನ್ನು ನಡುವೆ ಇಟ್ಟುಕೊಂಡು ನೆಲದ ಮೇಲೆ ಸುತ್ತ ಕೂತು ಹಂಚಿ ತಿನ್ನುವುದು ಅವರಲ್ಲಿ ಬಂಧುತ್ವದ ಗುರುತು. ಆ ಪಂಕ್ತಿಯಿಂದ ಹೊರಗುಳಿದ ಹಿರಿಯರು ಕಳೆದುಕೊಳ್ಳುವುದು ಬರೀ ರುಚಿಯನ್ನಲ್ಲ.

ತಮ್ಮವರೇ ವೈದ್ಯರಾದರೆ

ಇದಕ್ಕೆ ಒಂದು ಪರಿಹಾರ ಹೊಳೆದದ್ದು ದೂರದ ನ್ಯೂಜಿಲೆಂಡಿನಿಂದ. ಅಲ್ಲಿ 1921ರಿಂದಲೇ ದಂತ ದಾದಿಯರಿಗೆ ತರಬೇತಿ ಕೊಟ್ಟು ಶಾಲಾ ಮಕ್ಕಳ ಹಲ್ಲು ನೋಡಿಕೊಳ್ಳುವ ಪದ್ಧತಿ ಇತ್ತು. ಅದೇ ಮಾದರಿಯಲ್ಲಿ 1972ರಲ್ಲಿ ಕೆನಡದ ಉತ್ತರದ ಫೋರ್ಟ್ ಸ್ಮಿತ್‌ನಲ್ಲಿ ದಂತ ಚಿಕಿತ್ಸಕರ ಶಾಲೆ ಆರಂಭವಾಯಿತು. ಪೂರ್ಣ ದಂತವೈದ್ಯರಲ್ಲದಿದ್ದರೂ ಹುಳುಕು ತುಂಬಲು, ಹಲ್ಲು ಕೀಳಲು, ಶುಚಿತ್ವ ಕಲಿಸಲು ಬಲ್ಲವರು ಅಲ್ಲಿ ತಯಾರಾದರು. ಮುಂದೆ ಶಾಲೆ ಸಸ್ಕ್ಯಾಚೆವಾನ್ ಪ್ರಾಂತ್ಯದ ಪ್ರಿನ್ಸ್ ಆಲ್ಬರ್ಟ್‌ಗೆ ಸ್ಥಳಾಂತರವಾಯಿತು. 2011ರಲ್ಲಿ ಸರ್ಕಾರದ ನೆರವು ನಿಂತು ಅದು ಮುಚ್ಚಿತು. ಇದ್ದ ಚಿಕಿತ್ಸಕರು ನಿವೃತ್ತರಾಗುತ್ತ ಹೋದರು, ಹೊಸಬರು ಬರಲಿಲ್ಲ. ಒಂದು ದಶಕ ಕಳೆದ ಮೇಲೆ, 2023ರಲ್ಲಿ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯ ಇದೇ ವಿಷಯದಲ್ಲಿ ಪದವಿ ಶಿಕ್ಷಣ ಆರಂಭಿಸಿತು.

ಅಲಾಸ್ಕದಲ್ಲಿ ಮೂಲನಿವಾಸಿಗಳ ಆರೋಗ್ಯ ಸಂಸ್ಥೆಗಳು ಕಾಯಲಿಲ್ಲ. 2003ರಲ್ಲಿ ತಮ್ಮದೇ ಹಳ್ಳಿಗಳ ತರುಣ ತರುಣಿಯರನ್ನು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯಕ್ಕೆ ಕಲಿಯಲು ಕಳುಹಿಸಿದವು. ಅವರು ಮರಳಿ ಕೆಲಸಕ್ಕೆ ನಿಂತಾಗ, ದಂತವೈದ್ಯರಲ್ಲದವರು ಹಲ್ಲು ಮುಟ್ಟಬಾರದೆಂದು ಅಮೆರಿಕದ ದಂತವೈದ್ಯರ ಸಂಘ 2006ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ಆ ವ್ಯಾಜ್ಯ ಕೊನೆಗೊಂಡಿತು, ಚಿಕಿತ್ಸಕರು ಉಳಿದರು. ಊರಿನಲ್ಲೇ ಇರುವ, ಊರಿನ ಭಾಷೆ ಆಡುವ, ಅಜ್ಜಿಯನ್ನು ಅಜ್ಜಿ ಎಂದೇ ಕರೆಯುವ ಚಿಕಿತ್ಸಕಿಯ ಮುಂದೆ ಬಾಯಿ ತೆರೆಯಲು ಯಾರಿಗೆ ಅಂಜಿಕೆ?

ಹಲ್ಲಿಗೆ ಮಾತ್ರವಲ್ಲ, ಹಿರಿಯರ ಇಡೀ ಆರೋಗ್ಯಕ್ಕೆ ಇದೇ ಪ್ರಶ್ನೆ. ನುನಾವುಟ್‌ನ ಸಣ್ಣ ಊರುಗಳಲ್ಲಿರುವುದು ದಾದಿಯರು ನಡೆಸುವ ಆರೋಗ್ಯ ಕೇಂದ್ರ. ದೊಡ್ಡ ಕಾಯಿಲೆಗೆ ಒಟ್ಟಾವಕ್ಕೋ ವಿನಿಪೆಗ್‌ಗೋ ಎಡ್ಮಂಟನ್‌ಗೋ ವಿಮಾನ ಹತ್ತಬೇಕು. ಇಕಾಲುಇಟ್‌ನಿಂದ ಒಟ್ಟಾವಕ್ಕೆ ಎರಡು ಸಾವಿರ ಕಿಲೋಮೀಟರ್. ಮರೆವಿನ ಕಾಯಿಲೆಯ ಹಿರಿಯರಿಗೆ ತಕ್ಕ ವ್ಯವಸ್ಥೆ ತಮ್ಮ ಪ್ರಾಂತ್ಯದಲ್ಲಿ ಸಾಲದೆ, ಅವರನ್ನು ವರ್ಷಗಳಿಂದ ಒಟ್ಟಾವದ ಆರೈಕೆ ಮನೆಗಳಿಗೆ ಕಳುಹಿಸಲಾಗಿದೆ. ಬಾಲ್ಯದಲ್ಲಿ ಹಡಗು ಕೊಂಡೊಯ್ದ ದಿಕ್ಕಿಗೇ ಮುಪ್ಪಿನಲ್ಲಿ ವಿಮಾನ ಕೊಂಡೊಯ್ಯುತ್ತದೆ. ಕ್ಷಯವೂ ಇನ್ನೂ ಪೂರಾ ತೊಲಗಿಲ್ಲ. 2030ರೊಳಗೆ ಇನುಯಿಟ್ ನಾಡಿನಿಂದ ಅದನ್ನು ನಿರ್ಮೂಲ ಮಾಡುವುದಾಗಿ ಕೆನಡ ಸರ್ಕಾರ ಮತ್ತು ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆ 2018ರಲ್ಲಿ ಮಾತು ಕೊಟ್ಟಿವೆ.

ಗತಕಾಲಕ್ಕೆ ಮರಳಿ ಹೋಗಲು ಯಾವ ಜನಕ್ಕೂ ಆಗದು. ಇನುಯಿಟ್ ಹಿರಿಯರು ಅದನ್ನು ಕೇಳುತ್ತಲೂ ಇಲ್ಲ. ಬೇಟೆಯ ಮಾಂಸ ಮಕ್ಕಳ ತಟ್ಟೆಗೆ ಬರಲಿ, ನೋವಾದಾಗ ನೋಡುವವರು ಊರಿನಲ್ಲೇ ಇರಲಿ, ಕೊನೆಯ ದಿನಗಳು ತಮ್ಮ ಭಾಷೆ ಕೇಳುವಲ್ಲಿ ಕಳೆಯಲಿ ಎಂಬುದಷ್ಟೇ ಅವರ ಬೇಡಿಕೆ. ಒಂದು ಕಾಲಕ್ಕೆ ತಮ್ಮ ಹಲ್ಲು ತೇದು ಮನೆಮಂದಿಯ ಕಾಲು ಕಾಯ್ದವರ ಮಕ್ಕಳು ಇವರು. ಕೇಳುತ್ತಿರುವುದು ಹೆಚ್ಚೇನಲ್ಲ.